ಲಾಕಿನ ಮೇಲೆ ಮ್ಯಾಂಟನ್, ನಳಿಗೆಯ ಅಡಿಯಲ್ಲಿ ಬೇರೆ ಊರು: ಹಳೇ ಕೇಪಿನ ಕೋವಿಯ ಗುರುತು ಹಿಡಿಯುವ ಕೈಪಿಡಿ

ಸೆಪ್ಟೆಂಬರ್ ಮೊದಲ ವಾರ, ಕೊಡವರು ಆಯುಧ ಪೂಜಿಸುವ ಹಬ್ಬವಾದ ಕೈಲ್ ಪೊಳ್ದ್‌ಗೆ ಒಂದು ದಿನ ಮುಂಚೆ. ಕೊಡಗಿನ ಸ್ನೇಹಿತನ ಮನೆಯಲ್ಲಿ ಕೋವಿಗಳನ್ನೆಲ್ಲ ಒರೆಸಲು ಜಗಲಿಗೆ ತಂದಿಟ್ಟಿದ್ದರು. ಮಾರನೇ ದಿನ ನಳಿಗೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ. ಸಾಲಿನ ಕೊನೆಯಲ್ಲಿ ಒಂದು ಜೋಡಿ ನಳಿಗೆಯ ಕೇಪಿನ ಕೋವಿ ಇತ್ತು, ಅಂದರೆ ಬಡಿದರೆ ಸಿಡಿಯುವ ಪುಟ್ಟ ತಾಮ್ರದ ಟೋಪಿಯಿಂದ (ಕೇಪು) ಮದ್ದು ಹೊತ್ತಿಸುವ ಹಳೇ ಬಗೆ. ಅದನ್ನು ಎತ್ತಿ ನನ್ನ ಕೈಗೆ ಕೊಡುತ್ತಾ ಮನೆಯ ಅಜ್ಜ ಹೇಳಿದರು, "ಇದು ಲಂಡನ್ ಕೋವಿ ಮಾರಾಯ. ಮ್ಯಾಂಟನ್. ನಮ್ಮ ಅಜ್ಜನಿಗೆ ಎಸ್ಟೇಟಿನ ದೊರೆ ಕೊಟ್ಟದ್ದು."

ಲಾಕಿನ (ಕೋವಿ ಹಾರಿಸುವ ಯಂತ್ರದ) ತಗಡಿನ ಮೇಲೆ ಮ್ಯಾಂಟನ್ ಅಂತ ಕೆತ್ತಿತ್ತು, ನಿಜ. ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಲಂಡನ್ ಅಂತಲೂ ಇತ್ತು. ಆದರೆ ಕೆತ್ತನೆ ಯಾಕೋ ಒರಟು. ಎಲೆಯ ಚಿತ್ರಗಳೆಲ್ಲ ಒಂದೇ ಅಚ್ಚಿನಲ್ಲಿ ಒತ್ತಿದ ಹಾಗೆ. ಜೋಸೆಫ್ ಮ್ಯಾಂಟನ್ ಅಂದರೆ ಲಂಡನ್ನಿನ ಕೋವಿ ಕಸುಬಿನಲ್ಲಿ ದೊಡ್ಡ ಹೆಸರು. ಮುಂದೆ ಹೆಸರು ಮಾಡಿದ ಜೇಮ್ಸ್ ಪರ್ಡಿ ಕೂಡ ಅವನ ಕಾರ್ಖಾನೆಯಲ್ಲಿ ಕೆಲಸ ಮಾಡಿದವನೇ. ಅಂಥವನ ಅಂಗಡಿಯಿಂದ ಇಂಥ ಎಲೆ ಹೊರಗೆ ಬರುತ್ತಿತ್ತಾ?

ಹಳೇ ಕೋವಿಗಳ ವಿಷಯದಲ್ಲಿ ಜನ ತರುವ ದೂರು ಹೆಚ್ಚಾಗಿ ಇದೇ. ಹೆಸರು ಒಂದು ಹೇಳುತ್ತದೆ, ಕೋವಿ ಇನ್ನೊಂದು ಹೇಳುತ್ತದೆ. ಇಲ್ಲವೇ ಹೆಸರೇ ಇಲ್ಲ. ಇದನ್ನು ಬಿಡಿಸುವುದು ಹೇಗೆ ಅಂತ ಆ ಕೋವಿಯನ್ನೇ ಮುಂದಿಟ್ಟುಕೊಂಡು ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲು: ಒಳಗೆ ಈಡು ಇದೆಯಾ?

ತೋಟಾ ಕೋವಿಯಾದರೆ ಮಡಚಿ ನೋಡಿದರೆ ಗೊತ್ತಾಗುತ್ತದೆ. ಕೇಪಿನ ಕೋವಿ ಹಾಗಲ್ಲ. ಬಾಯಿಯಿಂದ ಮದ್ದು, ಕತ್ತ, ಚರೆ ತುಂಬಿ ಗಜ ಎಂಬ ಉದ್ದ ಕೋಲಿನಿಂದ ಜಡಿದ ಮೇಲೆ ತುಂಬಿದ್ದೂ ಖಾಲಿಯೂ ಹೊರಗಿನಿಂದ ಒಂದೇ ಥರ. ಹಂದಿ ಕಾಯಲು ತುಂಬಿಟ್ಟವರು, ಆಮೇಲೆ ಮರೆತವರು, ಆಮೇಲೆ ತೀರಿಹೋದವರು ಎಷ್ಟೋ ಜನ. ತೇವ ತಾಗದಿದ್ದರೆ ಕರಿಮದ್ದು ದಶಕಗಟ್ಟಲೆ ಕೆಡುವುದಿಲ್ಲ. ಗೋಡೆಯಲ್ಲಿ ಎಪ್ಪತ್ತು ವರ್ಷ ನೇತಾಡಿದ ಕೋವಿ ಅಂತ ಧೈರ್ಯ ಮಾಡಬೇಡಿ.

ಮೊದಲು ನಿಪ್ಪಲ್ ನೋಡಿ, ಅಂದರೆ ಕೇಪು ಕೂರಿಸುವ ಪುಟ್ಟ ಕೊಳವೆ. ಅದರ ಮೇಲೆ ಕೇಪು ಇದ್ದರೆ ಕುದುರೆಯನ್ನು (ಕೇಪಿಗೆ ಬಡಿಯುವ ಸುತ್ತಿಗೆ) ಮುಟ್ಟಲೇಬೇಡಿ, ಕೋವಿಯನ್ನು ಅಲ್ಲೇ ಬಿಡಿ. ಕೇಪು ಇಲ್ಲದಿದ್ದರೆ ಬಾಯನ್ನು ಜನರಿಲ್ಲದ ಕಡೆ ತಿರುಗಿಸಿ, ನೀವು ಪಕ್ಕಕ್ಕೆ ನಿಂತು, ಒಂದು ತೆಳು ಮರದ ಕೋಲನ್ನು ನಿಧಾನಕ್ಕೆ ಒಳಗೆ ಇಳಿಸಿ. ಕಬ್ಬಿಣದ ಸರಳು ಬೇಡ. ಕೋಲು ನಿಂತಾಗ ಬಾಯಿಯ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಹೊರಗೆ ತೆಗೆದು ಗೆರೆಯನ್ನು ಬಾಯಿಗೆ ಸರಿಹೊಂದಿಸಿ ನಳಿಗೆಯ ಮೇಲೆ ಉದ್ದಕ್ಕೆ ಇಡಿ. ಕೋಲಿನ ತುದಿ ಹೆಚ್ಚುಕಮ್ಮಿ ನಿಪ್ಪಲಿನ ಹತ್ತಿರ ಬಂದರೆ ಖಾಲಿ. ಮೂರು ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಏನೋ ಇದೆ. ಜೋಡಿ ನಳಿಗೆಯಾದರೆ ಎರಡನ್ನೂ ಬೇರೆ ಬೇರೆ ನೋಡಬೇಕು. ಒಂದು ಹಾರಿಸಿ ಇನ್ನೊಂದನ್ನು ಮರೆಯುವುದು ಸಾಮಾನ್ಯ.

ಏನೋ ಇದೆ ಅಂತಾದರೆ ಗುರುತು ಹಿಡಿಯುವ ಕೆಲಸ ಅಲ್ಲಿಗೆ ನಿಲ್ಲಿಸಿ. ಕೆದಕಬೇಡಿ, ಕಾಯಿಸಬೇಡಿ, "ಒಂದು ಹಾರಿಸಿಬಿಡೋಣ" ಅನ್ನಲೇಬೇಡಿ. ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ತಿಳಿಸಿ.

ಖಾಲಿ ಇದ್ದರೂ ಹಾರಿಸುವ ಯೋಚನೆ ಬೇಡ. ಈ ಕಾಲದ ಬಹಳಷ್ಟು ನಳಿಗೆಗಳು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿ ಮಾಡಿ, ಸರಳಿಗೆ ಸುತ್ತಿ, ಕಾಯಿಸಿ ಬಡಿದು ಬೆಸೆದವು. ಹೊರಗೆ ಹೊಳೆಯುತ್ತಿದ್ದರೂ ಬೆಸುಗೆಯ ಸಂದಿನಲ್ಲಿ ಒಳಗಿನಿಂದ ತುಕ್ಕು ತಿಂದಿರುತ್ತದೆ.

ನಳಿಗೆ ಬಿಚ್ಚುವುದು

ಮುಖ್ಯ ಸಾಕ್ಷಿ ಇರುವುದು ನಳಿಗೆಯ ಅಡಿಯಲ್ಲಿ, ಮರದೊಳಗೆ ಮುಚ್ಚಿಕೊಂಡು. ಅದನ್ನು ನೋಡದೆ ಮಾಡುವ ತೀರ್ಮಾನವೆಲ್ಲ ಸುಮ್ನೆ ಊಹೆ.

ಇಂಗ್ಲಿಷ್ ಮತ್ತು ಬೆಲ್ಜಿಯನ್ ಕೋವಿಗಳಲ್ಲಿ ನಳಿಗೆಯ ಹಿಂಬದಿಗೆ ಕೊಕ್ಕೆ, ಮುಂಗೈ ಮರದ ಅಡ್ಡಕ್ಕೆ ಒಂದು ಚಪ್ಪಟೆ ಬೆಣೆ. ಮೊದಲು ಗಜ ಹೊರಗೆ ತೆಗೆಯಿರಿ. ಕುದುರೆಯನ್ನು ಅರ್ಧಕ್ಕೆ ಎಳೆದು ನಿಲ್ಲಿಸಿ. ಅದು ನಿಪ್ಪಲ್ ಮೇಲೆ ಕೂತಿದ್ದರೆ ನಳಿಗೆ ಮೇಲೇಳುವುದಿಲ್ಲ. ಬೆಣೆಗೆ ಒಂದು ಕಡೆ ತಲೆ ಇರುತ್ತದೆ, ಇನ್ನೊಂದು ಕಡೆ ಸಣ್ಣ ತುದಿ. ಸಣ್ಣ ತುದಿಯ ಕಡೆಯಿಂದ ಬಿದಿರಿನ ಚಕ್ಕೆ ಇಟ್ಟು ಮೆಲ್ಲಗೆ ತಟ್ಟಿ. ಅರ್ಧ ಬಂದು ನಿಂತರೆ ಹೊಡೆಯಬೇಡಿ. ಕೆಲವು ಬೆಣೆಗಳು ಕಳೆದುಹೋಗದಿರಲಿ ಅಂತ ಅಷ್ಟೇ ಬರುವ ಹಾಗೆ ಮಾಡಿರುತ್ತಾರೆ. ಬಾಯಿಯ ಕಡೆಯಿಂದ ಎತ್ತಿದರೆ ನಳಿಗೆ ಕೊಕ್ಕೆ ಬಿಟ್ಟು ಬರುತ್ತದೆ. ಸ್ಕ್ರೂಗಳಿಗೆ, ನಿಪ್ಪಲಿಗೆ ಕೈ ಹಾಕುವ ಅಗತ್ಯವೇ ಇಲ್ಲ.

ಈಗ ಜನ ಜಾಸ್ತಿ ಹಾಳು ಮಾಡುವ ಹಂತ. ಅಡಿಯಲ್ಲಿ ಕಪ್ಪು ಜಿಡ್ಡು, ತುಕ್ಕು ಕಂಡ ಕೂಡಲೇ ಕೈ ತುರಿಸುತ್ತದೆ. ಉಜ್ಜುಕಾಗದ ಬೇಡ. ಹಿತ್ತಾಳೆ ಬೆಳಗಿದ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಹುಳಿ ಕಬ್ಬಿಣವನ್ನು ತಿನ್ನುತ್ತದೆ. ಹೊಲಿಗೆ ಮಿಷನ್ನಿಗೆ ಹಾಕುವ ಎಣ್ಣೆ ನಾಲ್ಕು ಹನಿ ಬಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ. ಮೂಲೆಗೆ ಹಲ್ಲುಕಡ್ಡಿ ಸಾಕು.

ಆಮೇಲೂ ಗುರುತು ಕಾಣದಿದ್ದರೆ ಕೋಣೆ ಕತ್ತಲೆ ಮಾಡಿ, ಮೊಬೈಲಿನ ಟಾರ್ಚನ್ನು ನಳಿಗೆಗೆ ತಾಗುವಷ್ಟು ಅಡ್ಡಕ್ಕೆ ಹಿಡಿಯಿರಿ. ನೇರ ಬೆಳಕಿನಲ್ಲಿ ನುಣ್ಣಗೆ ಕಂಡ ಜಾಗದಲ್ಲಿ ಅಡ್ಡ ಬೆಳಕು ನೆರಳು ಹಾಕಿ ಅಕ್ಷರ ಎಬ್ಬಿಸುತ್ತದೆ. ಮುಖಕ್ಕೆ ಹಾಕುವ ಪೌಡರ್ ಸ್ವಲ್ಪ ಸವರಿ ಒರೆಸಿದರೆ ಗುಣಿಗಳಲ್ಲಿ ಬಿಳಿ ಉಳಿಯುತ್ತದೆ. ರಂಗೋಲಿ ಪುಡಿ ಮಾತ್ರ ಬೇಡ. ಅದು ಕಲ್ಲಿನ ಪುಡಿ, ಗೀರು ಬೀಳುತ್ತದೆ.

ಅಡಿಯ ಗುರುತು ಏನು ಹೇಳುತ್ತದೆ

ಯುರೋಪಿನಲ್ಲಿ ಕೋವಿ ಮಾರುವ ಮುಂಚೆ ನಳಿಗೆಗೆ ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿ ಹಾರಿಸಿ ನೋಡುತ್ತಿದ್ದರು. ಒಡೆಯದೆ ಉಳಿದದ್ದಕ್ಕೆ ಮುದ್ರೆ. ಇದೇ ಪ್ರೂಫ್ ಮಾರ್ಕು. ಮುದ್ರೆ ಹೊಡೆಯುವವನು ಕೋವಿ ಮಾರುವವನಲ್ಲ. ಹೀಗಾಗಿ ಕೋವಿಯ ಮೇಲಿರುವ ಬರಹಗಳಲ್ಲಿ ನಾನು ನಂಬುವುದು ಇದನ್ನೇ.

ಲಂಡನ್ನಿನದಾದರೆ ಎರಡು ಮುದ್ರೆ. ಒಂದರಲ್ಲಿ ಕಿರೀಟದ ಅಡಿಯಲ್ಲಿ ಇಂಗ್ಲಿಷಿನ ವಿ, ಇನ್ನೊಂದರಲ್ಲಿ ಕಿರೀಟದ ಅಡಿಯಲ್ಲಿ ಒಂದಕ್ಕೊಂದು ಹೆಣೆದ ಜಿ ಮತ್ತು ಪಿ.

ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸು 1813ರ ಕಾನೂನಿನಿಂದ ಶುರುವಾಯಿತು. ಅದರ ಗುರುತು ಅಡ್ಡಡ್ಡ ಇಟ್ಟ ಎರಡು ರಾಜದಂಡ, ಮೇಲೊಂದು ಕಿರೀಟ. ದಂಡಗಳ ಸಂದಿನಲ್ಲಿ ಒಂದು ಮುದ್ರೆಯಲ್ಲಿ ವಿ ಅಕ್ಷರ, ಇನ್ನೊಂದರಲ್ಲಿ ಬಿ, ಪಿ, ಸಿ. ಸವೆದುಹೋದರೆ ಬರೀ ಗುಣಾಕಾರದ ಚಿಹ್ನೆ ಹಾಗೆ ಕಾಣುತ್ತದೆ. 1904ರಲ್ಲಿ ಈ ಮುದ್ರೆ ಬದಲಾಯಿತು. ಹಾಗಾಗಿ ರಾಜದಂಡ ಕಂಡರೆ ಕೋವಿ ಅದಕ್ಕಿಂತ ಹಳೆಯದು ಅಂತ ಇಟ್ಟುಕೊಳ್ಳಬಹುದು.

ಬೆಲ್ಜಿಯಂನ ಲೀಜ್ ಊರಿನದು ಒಂದು ಮೊಟ್ಟೆಯಾಕಾರ. ಅದರೊಳಗೆ ಇ, ಎಲ್, ಜಿ ಅಕ್ಷರಗಳು, ಕೆಳಗೊಂದು ನಕ್ಷತ್ರ. 1893ರಿಂದ ಈ ಮೊಟ್ಟೆಯ ಮೇಲೆ ಕಿರೀಟ ಬಂತು. ಪಕ್ಕದಲ್ಲಿ ಪುಟ್ಟ ಕಂಬದಂಥ ಚಿತ್ರ ಇರಬಹುದು. ಅದು ಲೀಜ್ ಪೇಟೆಯ ಚೌಕದಲ್ಲಿ ನಿಂತಿರುವ ಕಲ್ಲಿನ ಕಂಬವೇ. ತಪಾಸಣೆ ಮಾಡಿದವನದು ಒಂಟಿ ಅಕ್ಷರ. ಆ ಅಕ್ಷರದ ತಲೆಯ ಮೇಲೆ ಕಿರೀಟ ಇದ್ದರೆ 1853ರಿಂದ 1877ರ ನಡುವಿನದು, ನಕ್ಷತ್ರ ಇದ್ದರೆ ಅಲ್ಲಿಂದ ಈಚಿನದು. ಇಷ್ಟು ಸಣ್ಣ ವಿವರ ಕಾಲವನ್ನು ಇಷ್ಟು ಚೆನ್ನಾಗಿ ಕಟ್ಟಿಕೊಡುವುದು ಅಪರೂಪ.

ಈಗ ಅಜ್ಜನ ಕೋವಿಗೆ ಬರೋಣ. ಬೆಣೆ ಸಲೀಸಾಗಿ ಬಂತು. ನಳಿಗೆ ತಿರುಗಿಸಿ ಎಣ್ಣೆ ಒರೆಸಿದರೆ ಎರಡೂ ನಳಿಗೆಯಲ್ಲಿ ಮೊಟ್ಟೆ, ಒಳಗೆ ಇ.ಎಲ್.ಜಿ, ಮೊಟ್ಟೆಯ ಮೇಲೆ ಕಿರೀಟ ಇಲ್ಲ. ಪಕ್ಕದಲ್ಲಿ ಕಿರೀಟ ಹೊತ್ತ ಆರ್ ಅಕ್ಷರ. ಅಂದರೆ ಲೀಜ್, 1853ರಿಂದ 1877ರ ನಡುವೆ. ಜೋಸೆಫ್ ಮ್ಯಾಂಟನ್ ತೀರಿಕೊಂಡದ್ದು 1835ರಲ್ಲಿ. ಅವನ ಅಣ್ಣ ಜಾನ್ ಮ್ಯಾಂಟನ್ 1834ರಲ್ಲೇ ಹೋಗಿದ್ದ.

ಕೆಳಗೆ ಇನ್ನೊಂದು ಸಂಖ್ಯೆ ಇತ್ತು, 16.8. ಮನೆಯವರು ನಡುವಿನ ಚುಕ್ಕೆಯನ್ನು ತುಕ್ಕು ಅಂದುಕೊಂಡು "168ನೇ ನಂಬರ್ ಕೋವಿ" ಅಂತ ನಂಬಿದ್ದರು. ಅದು ನಳಿಗೆಯ ಒಳ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ.

ಸಂಖ್ಯೆಗಳ ಗೊಂದಲ

ಬೆಲ್ಜಿಯಂ ಮಿಲಿಮೀಟರ್ ಬರೆದರೆ ಇಂಗ್ಲೆಂಡು ಬೋರ್ ಬರೆಯಿತು. ಬೋರ್ ಲೆಕ್ಕ ಸ್ವಲ್ಪ ತಲೆಕೆಳಗು. ಒಂದು ಪೌಂಡ್ ಸೀಸದಲ್ಲಿ ನಳಿಗೆಗೆ ಸರಿಯಾಗಿ ಕೂರುವ ಎಷ್ಟು ಗುಂಡು ಆಗುತ್ತದೋ ಅದು ಬೋರ್. ಹಾಗಾಗಿ ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣದು. 12 ಬೋರ್ ಅಂದರೆ 18.5 ಮಿ.ಮೀ., 14 ಅಂದರೆ 17.6, 16 ಅಂದರೆ 16.8, 20 ಅಂದರೆ 15.6. ಕೇಪಿನ ಕೋವಿಗಳಲ್ಲಿ 11, 13, 15 ಬೋರ್ ಕೂಡ ಮಾಮೂಲಿ. ತೋಟಾ ಬಂದ ಮೇಲೆ ಒಂದೇ ಅಳತೆಗೆ ಕಟ್ಟುಬೀಳಬೇಕಾಯಿತು. ಅದಕ್ಕೆ ಮುಂಚೆ ಬಾಯಿಗೆ ಹಿಡಿಸಿದ್ದೇ ಅಳತೆ.

ನೀವೇ ಅಳೆಯುವುದಾದರೆ ವರ್ನಿಯರ್ ಕ್ಯಾಲಿಪರ್ ಬೇಕು. ಗಜ ತಿಕ್ಕಿ ತಿಕ್ಕಿ ಬಾಯಿ ಸ್ವಲ್ಪ ಅಗಲವಾಗಿರುತ್ತದೆ, ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಟ್ರಿಗರ್ ಗಾರ್ಡಿನ ಮೇಲಿರುವ ನಾಲ್ಕು ಅಂಕಿ ಸೀರಿಯಲ್ ನಂಬರ್ ಆಗಿರಬಹುದು. ಅದನ್ನು ಇಸವಿ ಅಂತ ಓದಿ ಮೋಸ ಹೋಗಬೇಡಿ.

ದೊಡ್ಡ ಹೆಸರಿದೆ, ಗುರುತು ಬೇರೆ ಊರಿನದು

ಇದಕ್ಕೆ ಎರಡು ಕಾರಣ ಇರುತ್ತದೆ. ಎರಡನ್ನೂ ಬೇರೆ ಮಾಡದೆ "ಡೂಪ್ಲಿಕೇಟ್" ಅಂತ ಹೇಳಬಾರದು.

ಒಂದು, ಅಸಲಿ ಕಾರಣ. ಬರ್ಮಿಂಗ್‌ಹ್ಯಾಮಿನಲ್ಲಿ ಕೋವಿಯನ್ನು ಒಬ್ಬನೇ ಕೂತು ಮಾಡುತ್ತಿರಲಿಲ್ಲ. ನಳಿಗೆಗೆ ಒಬ್ಬ, ಲಾಕಿಗೆ ಒಬ್ಬ, ಮರಕ್ಕೆ ಒಬ್ಬ, ಕೆತ್ತನೆಗೆ ಇನ್ನೊಬ್ಬ. ಲಾಕು ಪಕ್ಕದ ವುಲ್ವರ್‌ಹ್ಯಾಂಪ್ಟನ್ನಿನಿಂದ ಬರುತ್ತಿತ್ತು. ಅಲ್ಲಿನ ಜೋಸೆಫ್ ಬ್ರೇಜಿಯರನ ಲಾಕುಗಳನ್ನು ದೊಡ್ಡ ದೊಡ್ಡ ಅಂಗಡಿಗಳೇ ಕೊಳ್ಳುತ್ತಿದ್ದವು. ಹಾಗಾಗಿ ತಗಡಿನ ಒಳಬದಿಯಲ್ಲಿ ಬೇರೆಯವನ ಹೆಸರು ಸಿಕ್ಕರೆ ಅದು ತಪ್ಪಲ್ಲ, ಸಂತೋಷ ಪಡುವ ವಿಷಯ. ವೆಸ್ಟ್ಲಿ ರಿಚರ್ಡ್ಸ್ ಕೋವಿಗಳ ಪಟ್ಟಿಯ ಮೇಲೆ ಲಂಡನ್ನಿನ 170 ನ್ಯೂ ಬಾಂಡ್ ಸ್ಟ್ರೀಟ್ ವಿಳಾಸ ಇರುತ್ತದೆ, ಅಡಿಯಲ್ಲಿ ಬರ್ಮಿಂಗ್‌ಹ್ಯಾಮಿನ ಮುದ್ರೆ. ಅದು ಸರಿಯೇ. ಕಾರ್ಖಾನೆ ಅಲ್ಲಿ, ಅಂಗಡಿ ಇಲ್ಲಿ. ನಮ್ಮ ದೇಶದ ಅಂಗಡಿಗಳ ಕತೆಯೂ ಇದೇ. ಕಲ್ಕತ್ತಾದ ಆರ್.ಬಿ. ರೊಡ್ಡಾ ಹೆಸರು ಇದ್ದರೆ ಮಾರಿದವರು ಅವರು, ಕೆಲಸದ ಕೈ ಬಹುಪಾಲು ಬರ್ಮಿಂಗ್‌ಹ್ಯಾಮಿನದು. ಮ್ಯಾಂಟನ್ ಹೆಸರಿನ ಅಂಗಡಿಯೂ ಕಲ್ಕತ್ತಾದಲ್ಲಿತ್ತು. ಹಾಗಾಗಿ ಮ್ಯಾಂಟನ್ ಅಂತ ಕಂಡರೆ ಮುಂದೆ ಕಲ್ಕತ್ತಾ ಅಂತ ಇದೆಯಾ ನೋಡಿ.

ಎರಡನೆಯದು, ಹೆಸರಿನ ವ್ಯಾಪಾರ. ಲೀಜ್‌ನಲ್ಲಿ ಕೂಲಿ ಕಡಿಮೆ, ಕೈಕೆಲಸದವರು ಜಾಸ್ತಿ. ಹೊರದೇಶದ ವ್ಯಾಪಾರಿ ಯಾವ ಹೆಸರು ಕೇಳಿದರೂ ಕೆತ್ತಿ ಕಳಿಸುತ್ತಿದ್ದರು. ಮ್ಯಾಂಟನ್ ಹೆಸರು, ರಿಚರ್ಡ್ಸ್ ಹೆಸರು ಇದರಲ್ಲಿ ಮೊದಲ ಸಾಲಿನವು. ಪತ್ತೆ ಹಚ್ಚಲು ಹೆಸರಿನ ಉದ್ದ ನೋಡಿ. ಅಸಲಿ ಅಂಗಡಿಯವನು ಪೂರ್ತಿ ಹೆಸರು, ಬೀದಿ, ಎಷ್ಟೋ ಸಲ ಮನೆ ನಂಬರನ್ನೂ ಹಾಕುತ್ತಾನೆ. ಪರ್ಡಿ 1826ರಿಂದ ತನ್ನ ವಿಳಾಸ ಹಾಕಿದ್ದು 314½ ಆಕ್ಸ್‌ಫರ್ಡ್ ಸ್ಟ್ರೀಟ್ ಅಂತ, ಆ ಅರ್ಧವನ್ನೂ ಬಿಡದೆ. ಬರೀ ಮ್ಯಾಂಟನ್, ಬರೀ ರಿಚರ್ಡ್ಸ್, ಬರೀ ಲಂಡನ್ ಅಂತ ಇದ್ದರೆ ಅನುಮಾನ ಪಡಿ. ಅಡಿಯಲ್ಲಿ ಮೊಟ್ಟೆ ಸಿಕ್ಕಿತೋ, ಅನುಮಾನ ಮುಗಿಯಿತು.

ಹಾಗಂತ ಲೀಜ್ ಕೋವಿ ಕಳಪೆ ಅಂತಲ್ಲ. ಆ ಊರಿನ ಒಳ್ಳೆಯ ಕೆಲಸ ಇಂಗ್ಲೆಂಡಿನ ಮಧ್ಯಮ ದರ್ಜೆಯ ಕೆಲಸಕ್ಕಿಂತ ಚೆನ್ನಾಗಿದೆ ಅಂತ ನನ್ನ ಅಭಿಪ್ರಾಯ. ಅಜ್ಜನ ಕೋವಿ ಆ ದರ್ಜೆಯದಲ್ಲ, ಅಷ್ಟೇ.

ಹೆಸರೇ ಇಲ್ಲ

"ಲ್ಯಾಮಿನೇಟೆಡ್ ಸ್ಟೀಲ್", "ಫೈನ್ ಟ್ವಿಸ್ಟ್", "ಡಮಾಸ್ಕಸ್" ಇವು ಹೆಸರಲ್ಲ, ನಳಿಗೆಯ ಬಗೆ. ಟ್ವಿಸ್ಟ್ ಅನ್ನುವ ಸಾಹೇಬ ಯಾರೂ ಇರಲಿಲ್ಲ! ಆದರೆ ನಳಿಗೆ ನಿಜವಾಗಿ ಹುರಿ ಮಾಡಿದ್ದಾ ಅಂತ ನೋಡಬಹುದು. ಮೇಲ್ಗಡೆ ಕಾಣುವ ಸುರುಳಿ ಗೆರೆ ಮರದಡಿ ಮುಚ್ಚಿದ ಭಾಗದಲ್ಲೂ ಹಾಗೇ ಮುಂದುವರಿದರೆ ಸರಿ. ಮರದ ಅಂಚಿಗೆ ಬಂದು ನಿಂತುಬಿಟ್ಟರೆ ಸಾದಾ ಕೊಳವೆಯ ಮೇಲೆ ಆಸಿಡ್ಡಿನಲ್ಲಿ ಬರೆದ ಚಿತ್ರ.

ಯಾವ ಮುದ್ರೆಯೂ ಇಲ್ಲ, ನಳಿಗೆ ಒಳಗೂ ಹೊರಗೂ ಪೈಪಿನ ಹಾಗೆ ಒಂದೇ ಸಮ, ಗ್ಯಾಸ್ ವೆಲ್ಡಿಂಗಿನ ಗಂಟು, ಈಗಿನ ಹಾರ್ಡ್‌ವೇರ್ ಅಂಗಡಿಯ ಸ್ಕ್ರೂ. ಇವೆಲ್ಲ ಇದ್ದರೆ ಕೋವಿ ನಮ್ಮ ದೇಶದ್ದು. ನೂರಾರು ವರ್ಷ ಹಳೆಯದೇ ಆಗಬೇಕಂತಿಲ್ಲ. ಬಿಹಾರದ ಮುಂಗೇರಿನಲ್ಲಿ ಬಂಗಾಳದ ನವಾಬ ಮೀರ್ ಕಾಸಿಮನ ಕಾಲದಿಂದ ಕೋವಿ ಕಸುಬು ಇದೆ. ಸ್ವಾತಂತ್ರ್ಯ ಬಂದ ಮೇಲೂ ಲೈಸೆನ್ಸ್ ಇರುವ ಸಣ್ಣ ಕಾರ್ಖಾನೆಗಳು ಕೇಪಿನ ಕೋವಿ ಮಾಡಿ ಮಾರಿವೆ. ಅಡಿಕೆ, ಭತ್ತ ಕಾಯಲು ರೈತರು ಕೊಂಡದ್ದು ಇದನ್ನೇ. ಅಮೆರಿಕ, ಯುರೋಪಿನಲ್ಲಿ ಇರುವವರ ಕೈಗೆ ಹೊಸ ನಕಲು ಸಿಗುವುದೂ ಉಂಟು. ಇಟಲಿಯದಾದರೆ ನಳಿಗೆಯ ಮೇಲೆ "ಬ್ಲ್ಯಾಕ್ ಪೌಡರ್ ಓನ್ಲಿ" ಅಂತಲೇ ಬರೆದಿರುತ್ತಾರೆ.

"ಇದು ಟಿಪ್ಪು ಕಾಲದ್ದು"

ಈ ಮಾತು ಕೇಳದ ತಾಲ್ಲೂಕು ನಮ್ಮಲ್ಲಿಲ್ಲ. ಪರೀಕ್ಷೆ ಸುಲಭ. ಟಿಪ್ಪು ಸುಲ್ತಾನ್ ಸತ್ತದ್ದು 1799ರ ಮೇ 4ರಂದು. ಬಡಿತಕ್ಕೆ ಸಿಡಿಯುವ ಮಸಾಲೆಯಿಂದ ಕೋವಿ ಹಾರಿಸುವ ಉಪಾಯಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ ಪೇಟೆಂಟ್ ಪಡೆದದ್ದು 1807ರಲ್ಲಿ. ತಾಮ್ರದ ಕೇಪು ಬಳಕೆಗೆ ಬಂದದ್ದು ಅದಕ್ಕೂ ಆಮೇಲೆ. ಮೊದಲಿಂದಲೂ ಕೇಪಿಗೆಂದೇ ಮಾಡಿದ ಕೋವಿ ಟಿಪ್ಪುವಿನದಾಗಲು ಸಾಧ್ಯವೇ ಇಲ್ಲ.

"ಮೊದಲಿಂದಲೂ" ಅನ್ನುವುದೇ ಇಲ್ಲಿ ಕೊಕ್ಕೆ. ಕಲ್ಲಿನ ಕಿಡಿಯಿಂದ ಹಾರುವ ಹಳೇ ಚಕಮಕಿ ಕೋವಿಗಳನ್ನು ಆಮೇಲೆ ಕೇಪಿಗೆ ಬದಲಿಸಿದ್ದು ಬೇಕಾದಷ್ಟಿದೆ. ಲಾಕಿನ ತಗಡಿನಲ್ಲಿ ಮುಚ್ಚಿದ ಸ್ಕ್ರೂ ತೂತುಗಳನ್ನು ಹುಡುಕಿ. ಮದ್ದಿನ ಬಟ್ಟಲು, ಕಲ್ಲು ಬಡಿಯುವ ಉಕ್ಕು, ಅದರ ಸ್ಪ್ರಿಂಗು ಇದ್ದ ಜಾಗದಲ್ಲಿ ದುಂಡನೆ ಕಲೆ ಉಳಿದಿರುತ್ತದೆ. ನಳಿಗೆಯ ಪಕ್ಕದ ತೂತಿಗೆ ಒಂದು ಗುಂಡನೆ ತುಂಡು ತಿರುಗಿಸಿ ಅದರ ಮೇಲೆ ನಿಪ್ಪಲ್ ಕೂರಿಸಿದ್ದರೆ ಖಾತ್ರಿ. ಟಿಪ್ಪುವಿನ ಕಾರ್ಖಾನೆಯ ಕೋವಿಗೆ ಹುಲಿಪಟ್ಟೆಯ ಗುರುತು ಇರುತ್ತದೆ.

ಲಾಕಿನ ಮೇಲೆ ಟವರ್ ಅಂತ ಇದ್ದರೆ ಅದೂ ಮಾಡಿದವನ ಹೆಸರಲ್ಲ. ಲಂಡನ್ನಿನ ಟವರ್ ಕೋಟೆ ಸರ್ಕಾರದ ಶಸ್ತ್ರಾಗಾರ ಆಗಿತ್ತು. ಕಿರೀಟ, ಕೆಳಗೆ ವಿ.ಆರ್ ಅಂತ ಇದ್ದರೆ ವಿಕ್ಟೋರಿಯಾ ಕಾಲದ ಸೈನ್ಯದ ಬಂದೂಕು. ನಳಿಗೆ 39 ಇಂಚು, ಒಳಗೆ ಮೂರು ಗೀರು, ಬಾಯಿ ಸುಮಾರು 14.7 ಮಿ.ಮೀ. ಆದರೆ 1853ರ ಮಾದರಿಯ ಎನ್‌ಫೀಲ್ಡ್. ಗೀರು ಕೊರೆದು ತೆಗೆದು, ನಳಿಗೆ ಕತ್ತರಿಸಿ, ಚರೆ ಹಾರಿಸಲು ಬದಲಿಸಿದವೂ ಉಂಟು. ಲಾಕಿನ ಮೇಲೆ ಎದ್ದು ನಿಂತ ಸಿಂಹ ಇದ್ದರೆ ಈಸ್ಟ್ ಇಂಡಿಯಾ ಕಂಪನಿಯದು. ಸಿಂಹ ಬಂದದ್ದು 1808ರಲ್ಲಿ. ಅದಕ್ಕೂ ಮುಂಚಿನದರಲ್ಲಿ ನಾಲ್ಕು ಭಾಗ ಮಾಡಿದ ಹೃದಯದ ಚಿತ್ರ.

ಕಾಗದದಲ್ಲಿ ಏನಿದೆ

ಕೊನೆಗೆ ಲೈಸೆನ್ಸ್ ಪುಸ್ತಕ ಬಿಡಿಸಿ. ಎಸ್‌ಬಿಎಂಎಲ್ ಅಂದರೆ ಒಂಟಿ ನಳಿಗೆ, ಡಿಬಿಎಂಎಲ್ ಅಂದರೆ ಜೋಡಿ ನಳಿಗೆ, ಎರಡೂ ಬಾಯಿಯಿಂದ ತುಂಬುವವು. ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅವರ ಹತ್ತಿರ ವಿನಾಯಿತಿ ಪತ್ರ ಇರುತ್ತದೆ. ಬೇರೆಯವರ ಮನೆಯ ಅಟ್ಟದಲ್ಲಿ ಕಾಗದವೇ ಇಲ್ಲದ ಕೋವಿ ಸಿಕ್ಕರೆ ಗುರುತು ಆಮೇಲೆ ಹುಡುಕಿ, ಮೊದಲು ಠಾಣೆಗೆ ತಿಳಿಸಿ. ಎಷ್ಟೇ ಹಳೆಯದಾದರೂ ರಿಪೇರಿ ಮಾಡಿದರೆ ಹಾರುವಂಥದ್ದನ್ನು ಕಾನೂನು ಆಯುಧ ಅಂತಲೇ ನೋಡುತ್ತದೆ.

ಅಜ್ಜ ಬೀರುವಿನಿಂದ ತಮ್ಮ ಪತ್ರ ತಂದರು. ಹಳೇ ಗುಮಾಸ್ತರ ದುಂಡು ಅಕ್ಷರದಲ್ಲಿ "ಡಿಬಿಎಂಎಲ್, ಮ್ಯಾಂಟನ್, ನಂ. 168" ಅಂತ ಬರೆದಿತ್ತು. ಕೋವಿಯ ಮೇಲೆ ಕಂಡದ್ದನ್ನು ಕಂಡ ಹಾಗೆ ಬರೆದುಕೊಂಡಿದ್ದಾರೆ, ಚುಕ್ಕೆ ಒಂದನ್ನು ಬಿಟ್ಟು. ಅದನ್ನು ನಾವೇ ತಿದ್ದುವ ಹಾಗಿಲ್ಲ, ಕಚೇರಿಗೆ ಅರ್ಜಿ ಕೊಡಬೇಕು. ನಾನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ: ಲೀಜ್, ಬೆಲ್ಜಿಯಂ, 1853ರಿಂದ 1877ರ ನಡುವೆ, 16 ಬೋರ್, ಲಾಕಿನ ಮೇಲೆ ಮ್ಯಾಂಟನ್ ಎಂದು ಕೆತ್ತನೆ.

ಅಜ್ಜ ಚೀಟಿಯನ್ನು ಎರಡು ಸಲ ಓದಿದರು. "ಹಾಗಾದ್ರೆ ದೊರೆ ಕೊಟ್ಟದ್ದು ಸುಳ್ಳಾ?"

"ಅದಲ್ಲ ಅಜ್ಜ. ದೊರೆಗೂ ಯಾರೋ ಮ್ಯಾಂಟನ್ ಅಂತ ಹೇಳಿಯೇ ಮಾರಿರಬೇಕು."

ಅದಕ್ಕೆ ಅವರು ಜೋರಾಗಿ ನಕ್ಕರು. ಚೀಟಿಯನ್ನು ಪತ್ರದೊಳಗೆ ಮಡಚಿಟ್ಟು, ಬೆಣೆ ಎಲ್ಲಿ ಇಟ್ಟೆ ಅಂತ ಕೇಳಿದರು.